ಕೈಯಲ್ಲಿ ಹೊಲಿದ ನೋಟ್‌ಬುಕ್ ಮಾರಬೇಕು, ಆನ್‌ಲೈನ್ ಅಂಗಡಿ ಎಲ್ಲಿಂದ ಶುರು ಮಾಡಲಿ?

ರಟ್ಟು_ದಾರ

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಅಕ್ಕ ಸೇರಿ ನೋಟ್‌ಬುಕ್ ಬೈಂಡಿಂಗ್ ಮಾಡುತ್ತೇವೆ. ಕೈ ಹೊಲಿಗೆ, ರಟ್ಟಿಗೆ ಬಟ್ಟೆ ಹೊದಿಕೆ. ಎರಡು ಅಳತೆ, ಗೆರೆ ಇರುವ ಹಾಳೆ, ಗೆರೆ ಇಲ್ಲದ ಹಾಳೆ, ಹತ್ತು ಬಣ್ಣ. ಎಲ್ಲ ಸೇರಿ 40 ಬಗೆ.

ಇಲ್ಲಿಯವರೆಗೆ ಗುರುತಿನವರಿಗೆ, ಅವರ ಗುರುತಿನವರಿಗೆ ಮಾರಿದ್ದು. ಫೋಟೋ ಕಳಿಸುತ್ತೇನೆ, ಅವರು "ನೀಲಿ ಇದೆಯಾ" ಅಂತಾರೆ, ನಾನು ಎದ್ದು ಹೋಗಿ ಬೀರು ತೆಗೆದು ನೋಡಿ ಬಂದು "ನೀಲಿ ಮುಗಿದಿದೆ, ಹಸಿರು ಆಗಬಹುದಾ" ಅಂತ ಕೇಳುವಷ್ಟರಲ್ಲಿ ಅವರು ಮಲಗಿರುತ್ತಾರೆ. ದಿನಕ್ಕೆ ಎರಡು ಗಂಟೆ ಇದಕ್ಕೇ ಹೋಗುತ್ತಿದೆ. ಹೊಲಿಯುವುದು ಯಾವಾಗ?

ಒಬ್ಬರು ವೆಬ್‌ಸೈಟ್ ಮಾಡಿಕೊಡುತ್ತೇನೆ ಅಂದರು. ಅವರ ಪಟ್ಟಿಯಲ್ಲಿ ಆ್ಯಪ್ ಇತ್ತು, ಚಾಟ್‌ಬಾಟ್ ಇತ್ತು, ಪಾಯಿಂಟ್ಸ್ ಇತ್ತು, ಏನೇನೋ ಇತ್ತು. ಓದಿ ತಲೆ ತಿರುಗಿತು. ನನಗೆ ಬೇಕಾಗಿರುವುದು ಇಷ್ಟೇ: ಏನಿದೆ ಅಂತ ಕಾಣಬೇಕು, ಬೇಕಾದವರು ಆರಿಸಬೇಕು, ದುಡ್ಡು ಕಟ್ಟಬೇಕು, ನನಗೆ ಗೊತ್ತಾಗಬೇಕು. ಕಂಪ್ಯೂಟರ್ ಅಷ್ಟಕ್ಕಷ್ಟೇ, ಆದರೆ ಕಲಿಯುವುದಕ್ಕೆ ಬೇಜಾರಿಲ್ಲ. ಅಂಗಡಿ ಸಾಫ್ಟ್‌ವೇರ್ ಅಂತ ವೂಕಾಮರ್ಸ್, ಶಾಪಿಫೈ ಎರಡರ ಹೆಸರು ಕೇಳಿದ್ದೇನೆ. ಯಾವುದು ಒಳ್ಳೆಯದು?

ಹಳೇ_ಗೋದಾಮು

ಯಾವ ಸಾಫ್ಟ್‌ವೇರ್ ಅನ್ನುವುದಕ್ಕೆ ಇಲ್ಲಿ ಹತ್ತು ಜನ ಉತ್ತರ ಕೊಡುತ್ತಾರೆ, ಜಗಳವೂ ಆಡುತ್ತಾರೆ, ನೋಡುತ್ತಿರಿ. ನನ್ನ ಕಣ್ಣಿಗೆ ಬಿದ್ದಿದ್ದು ಬೇರೆ. ಇಷ್ಟುದ್ದ ಬರೆದಿದ್ದೀರಿ, ಕೊರಿಯರ್ ಬಗ್ಗೆ ಒಂದು ಸಾಲೂ ಇಲ್ಲ.

ನಾನು ಹಿಂದೆ ಬಿದಿರಿನ ಬುಟ್ಟಿ ಮಾರುತ್ತಿದ್ದೆ. ಒಂದು ಬುಟ್ಟಿ 300 ಗ್ರಾಂ, ಹೂವಿನ ಹಾಗೆ ಹಗುರ. ಸೈಟಿನಲ್ಲಿ ತೂಕ 300 ಗ್ರಾಂ ಅಂತಲೇ ಹಾಕಿ, ಅದಕ್ಕೆ ತಕ್ಕ ಸಾಗಾಟದ ದರ ಇಟ್ಟೆ. ಮೊದಲ ತಿಂಗಳ ಕೊರಿಯರ್ ಬಿಲ್ ಬಂದಾಗ ಎದೆ ಧಸಕ್ಕೆಂದಿತು. ಅವರು ತಕ್ಕಡಿ ತೂಕ ಹಿಡಿದಿರಲಿಲ್ಲ, ಪೆಟ್ಟಿಗೆಯ ಗಾತ್ರ ಹಿಡಿದಿದ್ದರು. ವಾಲ್ಯೂಮೆಟ್ರಿಕ್ ತೂಕ ಅಂತಾರೆ. ಉದ್ದ, ಅಗಲ, ಎತ್ತರ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಕೆಜಿ ಬರುತ್ತದೆ. 5000 ಅನ್ನುವುದು ತುಂಬಾ ಕಡೆ ನಡೆಯುವ ಲೆಕ್ಕ, ಕೆಲವರು ಬೇರೆ ಸಂಖ್ಯೆ ಇಡುತ್ತಾರೆ, ಕೇಳಿಕೊಳ್ಳಿ. ಈ ತೂಕ, ನಿಜವಾದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು.

ನನ್ನ ಪೆಟ್ಟಿಗೆ 40, 30, 20. ಗುಣಿಸಿದರೆ 24,000. ಭಾಗಿಸಿದರೆ 4.8 ಕೆಜಿ. 300 ಗ್ರಾಂ ಬುಟ್ಟಿಗೆ 4.8 ಕೆಜಿ ದರ! ಒಂದೊಂದು ಬುಟ್ಟಿಗೂ ಕೈಯಿಂದ ಹಾಕಿ ಕಳಿಸಿದೆ, ಎರಡು ತಿಂಗಳು. ಜನ ಮಾತ್ರ ತುಂಬಾ ಖುಷಿಯಾಗಿದ್ದರು, ಅದು ಬೇರೆ ವಿಷಯ.

ನೋಟ್‌ಬುಕ್ ಗಟ್ಟಿ ಸರಕು, ನಿಮಗೆ ಇಷ್ಟು ಕಷ್ಟ ಆಗಲಿಕ್ಕಿಲ್ಲ. ಆದರೂ ಸಿಕ್ಕ ಡಬ್ಬಿಗೆ ತುಂಬಿ ಕಳಿಸುವ ಅಭ್ಯಾಸ ಇದ್ದರೆ ಬಿಡಿ. ಎರಡೇ ಅಳತೆಯ ಪೆಟ್ಟಿಗೆ ಇಟ್ಟುಕೊಳ್ಳಿ. ಒಂದರಲ್ಲಿ ಒಂದು ಪುಸ್ತಕ ಬಿಗಿಯಾಗಿ ಕೂರಬೇಕು, ಇನ್ನೊಂದರಲ್ಲಿ ಮೂರು. ಉದಾಹರಣೆಗೆ 25, 18, 8ರ ಪೆಟ್ಟಿಗೆ ಅಂದರೆ 3,600, ಅಂದರೆ 0.72 ಕೆಜಿ. ನಿಮ್ಮ ಮೂರು ಪುಸ್ತಕವೇ ಅದಕ್ಕಿಂತ ಭಾರ ಇರಬಹುದು, ಆಗ ತಕ್ಕಡಿಯ ತೂಕವೇ ನಡೆಯುತ್ತದೆ, ತಲೆಬಿಸಿ ಇಲ್ಲ. ತುಂಬಿದ ಪೆಟ್ಟಿಗೆಯನ್ನು ಟೇಪು ಹಚ್ಚಿ, ವಿಳಾಸದ ಚೀಟಿ ಅಂಟಿಸಿ ಆಮೇಲೆ ತೂಗಿ. ಬರೀ ಪುಸ್ತಕ ತೂಗಿ ಬರೆದುಕೊಂಡರೆ ಮತ್ತೆ ನನ್ನ ಕತೆಯೇ.

ಈ ಎರಡು ಪೆಟ್ಟಿಗೆ, ಅವುಗಳ ತೂಕ ಕೈಯಲ್ಲಿ ಇಲ್ಲದೆ ಸೈಟಿನಲ್ಲಿ ಸಾಗಾಟದ ದರ ತುಂಬುವ ಜಾಗಕ್ಕೆ ಬಂದರೆ ಸುಮ್ನೆ ಏನೋ ಒಂದು ಸಂಖ್ಯೆ ಹಾಕುತ್ತೀರಿ. ಎಲ್ಲರೂ ಹಾಗೇ ಮಾಡುವುದು.

ಪ್ಲಗಿನ್_ಪ್ರೇಮಿ

ಗೋದಾಮಿನವರು ಹೇಳಿದ್ದು ಸರಿ. ಈಗ ಜಗಳಕ್ಕೆ ಬರೋಣ :)

ನಾನು ವೂಕಾಮರ್ಸ್ ಕಡೆ. ಅದು ವರ್ಡ್‌ಪ್ರೆಸ್ ಅನ್ನುವ ಸೈಟ್ ಕಟ್ಟುವ ಸಾಫ್ಟ್‌ವೇರ್ ಮೇಲೆ ಕೂರುವ ಪ್ಲಗಿನ್, ಅಂದರೆ ಹೆಚ್ಚುವರಿ ಸೌಲಭ್ಯ ಸೇರಿಸುವ ತುಂಡು. ವರ್ಡ್‌ಪ್ರೆಸ್ 2003ರಿಂದ ಇದೆ, ವೂಕಾಮರ್ಸ್ 2011ರಿಂದ. ಎರಡೂ ಓಪನ್ ಸೋರ್ಸ್, ಅವಕ್ಕೆ ದುಡ್ಡಿಲ್ಲ. ಹೋಸ್ಟಿಂಗ್‌ಗೆ (ಸೈಟ್ ಇಡುವ ಜಾಗ), ಡೊಮೇನ್‌ಗೆ (ಸೈಟಿನ ವಿಳಾಸದ ಹೆಸರು) ಕೊಡಬೇಕು. ಮುಖ್ಯ ಏನೆಂದರೆ ನಿಮ್ಮ ಡೇಟಾಬೇಸ್ ನಿಮ್ಮದು. ಹೋಸ್ಟಿಂಗ್‌ನವರ ಮೇಲೆ ಬೇಜಾರಾದರೆ ಇಡೀ ಅಂಗಡಿ ಕಟ್ಟಿಕೊಂಡು ಇನ್ನೊಂದು ಕಡೆ ಹೋಗಬಹುದು.

ಕಷ್ಟವನ್ನೂ ಹೇಳುತ್ತೇನೆ. ಅಪ್‌ಡೇಟ್ ನೀವೇ ಮಾಡಬೇಕು. ಬ್ಯಾಕಪ್ ನೀವೇ ನೋಡಬೇಕು, ಅದೂ ಹೋಸ್ಟಿಂಗ್ ಇರುವ ಜಾಗದಲ್ಲೇ ಇಟ್ಟರೆ ಬ್ಯಾಕಪ್ ಅಲ್ಲ, ಮನೆ ಬೀಗದ ಕೈಯನ್ನು ಬಾಗಿಲಿಗೇ ನೇತು ಹಾಕಿದ ಹಾಗೆ. ಪ್ಲಗಿನ್ ಕಂಡಿದ್ದೆಲ್ಲ ಹಾಕಬೇಡಿ. ನನ್ನ ಹೆಸರು ನೋಡಿ ನಗಬೇಡಿ, ಅನುಭವದಿಂದ ಹೇಳುತ್ತಿದ್ದೇನೆ. ಒಮ್ಮೆ 34 ಪ್ಲಗಿನ್ ಇಟ್ಟುಕೊಂಡಿದ್ದೆ. ಅದರಲ್ಲಿ ಹಿಮ ಬೀಳಿಸುವುದೂ ಒಂದು.

ಇನ್ನೊಂದು ವಿಷಯ, ನಿಮ್ಮಂಥವರಿಗೆ ಬೇಕಾಗುತ್ತದೆ. ನಿಮ್ಮ ಹತ್ತಿರ ಒಂದೊಂದು ಬಗೆಯಲ್ಲಿ ಒಂದೋ ಎರಡೋ ಪುಸ್ತಕ ಇರುತ್ತದೆ ಅಲ್ವಾ? ಆಗ ಕೊನೆಯ ಒಂದನ್ನು ಇಬ್ಬರು ಒಟ್ಟಿಗೆ ಕೊಳ್ಳುವ ತೊಂದರೆ ಬರುತ್ತದೆ. ಸೈಟಿನ ಬುಟ್ಟಿಗೆ (ಕಾರ್ಟ್) ಹಾಕಿದ ಮಾತ್ರಕ್ಕೆ ಸಾಮಾನ್ಯವಾಗಿ ಸರಕು ಅವರಿಗೆ ಅಂತ ಕಾದಿಡುವುದಿಲ್ಲ. ವೂಕಾಮರ್ಸಿನಲ್ಲಿ ಆರ್ಡರ್ ಹಾಕಿ ದುಡ್ಡು ಕಟ್ಟದೆ ನಿಂತವರಿಗೆ ಇಷ್ಟು ನಿಮಿಷ ಸರಕು ಹಿಡಿದಿಡು ಅಂತ ಒಂದು ಸೆಟ್ಟಿಂಗ್ ಇದೆ, ತಾನಾಗಿಯೇ 60 ಅಂತ ಇರುತ್ತದೆ. ಅಷ್ಟು ಹೊತ್ತಾದ ಮೇಲೆ ಆರ್ಡರ್ ರದ್ದಾಗಿ ಪುಸ್ತಕ ಮತ್ತೆ ಮಾರಾಟಕ್ಕೆ ಬರುತ್ತದೆ. ಇದರಲ್ಲೂ ಒಂದು ತಮಾಷೆ ಇದೆ. ವರ್ಡ್‌ಪ್ರೆಸ್ಸಿನ ಇಂಥ ಹೊತ್ತಿನ ಕೆಲಸಗಳು ಯಾರಾದರೂ ಸೈಟಿಗೆ ಬಂದಾಗ ಮಾತ್ರ ಓಡುತ್ತವೆ. ಹೊಸ ಅಂಗಡಿ, ರಾತ್ರಿಯೆಲ್ಲ ಯಾರೂ ಬರಲಿಲ್ಲ ಅಂದರೆ ಬೆಳಗ್ಗೆವರೆಗೂ ಆ ಪುಸ್ತಕ "ಮುಗಿದಿದೆ" ಅಂತಲೇ ತೋರಿಸುತ್ತಾ ಕೂತಿರಬಹುದು. ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ನಿಜವಾದ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನೇ ಕೆಲಸ ಓಡಿಸುವ ವ್ಯವಸ್ಥೆ) ಹಾಕಿಕೊಂಡರೆ ಸರಿಹೋಗುತ್ತದೆ. ಐದು ನಿಮಿಷದ ಕೆಲಸ, ಆದರೆ ಯಾರೂ ಹೇಳುವುದಿಲ್ಲ.

ಬಾಡಿಗೆ_ಮನೆ_ಸಾಕು

ಪ್ರೇಮಿಗಳೇ, ಪ್ರಶ್ನೆ ಕೇಳಿದವರು "ಕಂಪ್ಯೂಟರ್ ಅಷ್ಟಕ್ಕಷ್ಟೇ" ಅಂದಿದ್ದಾರೆ. ನೀವು ಅವರಿಗೆ ಕ್ರಾನ್ ಹೇಳಿಕೊಡುತ್ತಿದ್ದೀರಿ.

ಶಾಪಿಫೈ ಹುಟ್ಟಿದ್ದೇ ಇಂಥ ತಲೆನೋವಿನಿಂದ. ಟೋಬಿ ಲುಟ್ಕೆ ಅನ್ನುವವರು ಕೆನಡಾದಲ್ಲಿ 2004ರ ಹೊತ್ತಿಗೆ ಸ್ನೋಬೋರ್ಡ್ ಮಾರಲು ಹೊರಟಿದ್ದರು, ಸಿಗುತ್ತಿದ್ದ ಅಂಗಡಿ ಸಾಫ್ಟ್‌ವೇರ್ ಯಾವುದೂ ಹಿಡಿಸದೆ ತಾವೇ ಬರೆದುಕೊಂಡರು. 2006ರಲ್ಲಿ ಅದನ್ನೇ ಬೇರೆಯವರಿಗೂ ಕೊಡಲು ಶುರು ಮಾಡಿದರು. ಸ್ನೋಬೋರ್ಡ್ ಹೋಯಿತು, ಸಾಫ್ಟ್‌ವೇರ್ ಉಳಿಯಿತು.

ತಿಂಗಳ ಬಾಡಿಗೆ ಕಟ್ಟುತ್ತೀರಿ, ಸರ್ವರ್, ಸೆಕ್ಯುರಿಟಿ, ಅಪ್‌ಡೇಟ್ ಎಲ್ಲ ಅವರ ಪಾಡು. ಎರಡು ವಿಷಯ ಗೊತ್ತಿರಲಿ. ಅವರದೇ ಪೇಮೆಂಟ್ ಬಿಟ್ಟು ಹೊರಗಿನ ಗೇಟ್‌ವೇ (ಕೊಳ್ಳುವವರಿಂದ ದುಡ್ಡು ಪಡೆದು ನಿಮಗೆ ತಲುಪಿಸುವ ಸೇವೆ) ಹಾಕಿದರೆ, ಗೇಟ್‌ವೇಯವರ ಕಮಿಷನ್ ಅಲ್ಲದೆ ಇವರದೂ ಒಂದು ಕಮಿಷನ್ ಪ್ರತಿ ಆರ್ಡರ್ ಮೇಲೆ ಬೀಳುತ್ತದೆ. ಅವರ ಪೇಮೆಂಟ್ ಎಲ್ಲ ದೇಶಗಳಲ್ಲೂ ಸಿಗುವುದಿಲ್ಲ, ಹಾಗಾಗಿ ಮೊದಲೇ ನೋಡಿಕೊಂಡು ಲೆಕ್ಕ ಹಾಕಿ. ಎರಡನೆಯದು, ಬಿಟ್ಟು ಹೋಗುವಾಗ ಸರಕಿನ ಪಟ್ಟಿ, ಗ್ರಾಹಕರ ಪಟ್ಟಿ ಫೈಲಾಗಿ ಸಿಗುತ್ತದೆ, ಆದರೆ ಸೈಟಿನ ಅಂದಚೆಂದ ಕಟ್ಟಿಕೊಂಡು ಹೋಗಲಾಗದು. ಬಾಡಿಗೆ ಮನೆಗೆ ಬಳಿದ ಬಣ್ಣ.

40 ಬಗೆಗೆ, ಇಬ್ಬರೇ ಕೆಲಸ ಮಾಡುವಲ್ಲಿ, ನಾನಾದರೆ ಬಾಡಿಗೆ ಕೊಟ್ಟು ನೆಮ್ಮದಿಯಾಗಿ ಹೊಲಿಯುತ್ತಾ ಕೂರುತ್ತೇನೆ.

ಸುಮ್ನೆ_ಬಂದೆ

ಎರಡೂ ಬೇಡ ಅಂದರೆ? ಒಂದು ಪುಟ, ಹತ್ತು ಫೋಟೋ, ಪ್ರತಿ ಫೋಟೋದ ಕೆಳಗೆ ಒಂದು ಪೇಮೆಂಟ್ ಲಿಂಕ್. ಗೇಟ್‌ವೇಗಳೇ ಈ ಲಿಂಕ್ ಮಾಡಿಕೊಡುತ್ತವೆ, ಅಂಗಡಿ ಸಾಫ್ಟ್‌ವೇರೇ ಬೇಡ. ವಾರಕ್ಕೆ ಐದಾರು ಆರ್ಡರ್ ಇದ್ದರೆ ಧಾರಾಳ ಸಾಕು. ಸ್ಟಾಕ್ ಮುಗಿದರೆ ಲಿಂಕ್ ಅಳಿಸುವುದು, ಅಷ್ಟೇ.

ರಟ್ಟು_ದಾರ

ಎಲ್ಲರಿಗೂ ಥ್ಯಾಂಕ್ಸ್. ಗೋದಾಮಿನವರು ಹೇಳಿದ್ದು ಓದಿದ ಕೂಡಲೇ ಅಕ್ಕನಿಗೆ ತೋರಿಸಿದೆ. ನಾವು ಇಷ್ಟು ದಿನ ಮನೆಗೆ ಬಂದ ಪಾರ್ಸೆಲ್ ಡಬ್ಬಿಗಳಿಗೇ ಮತ್ತೆ ತುಂಬಿ ಕಳಿಸುತ್ತಿದ್ದೆವು. ಒಂದು ಪುಸ್ತಕ, ಸುತ್ತ ಹಳೇ ಪೇಪರ್. ಇನ್ನು ಮಾತು ಬೇಡ.

ಸುಮ್ನೆ_ಬಂದೆ ಅವರೇ, ಲಿಂಕ್ ಉಪಾಯ ಇಷ್ಟವಾಯಿತು, ಆದರೆ ವಾರಕ್ಕೆ ಈಗಲೇ 15ರ ಹತ್ತಿರ ಆರ್ಡರ್ ಇದೆ, 40 ಬಗೆಗೆ 40 ಲಿಂಕ್ ಅಂದರೆ ಮತ್ತೆ ನಾನೇ ಬೀರು ತೆಗೆದು ನೋಡಬೇಕು.

ಇನ್ನು ಎರಡು ಪ್ರಶ್ನೆ. 40 ಬಗೆಗೆ 40 ಪುಟ ಮಾಡಬೇಕಾ? ಸಾಗಾಟದ ದುಡ್ಡನ್ನು ಬೇರೆ ತೋರಿಸಬೇಕಾ, ಬೆಲೆಯಲ್ಲೇ ಸೇರಿಸಬೇಕಾ? ಅಕ್ಕ ಸೇರಿಸು ಅಂತಾಳೆ, ನನಗೆ ಬೆಲೆ ಜಾಸ್ತಿ ಕಂಡು ಜನ ಓಡಿಹೋಗುತ್ತಾರೆ ಅಂತ ಭಯ.

ಹಳೇ_ಗೋದಾಮು

ಬೇರೆ ತೋರಿಸುವುದಾದರೆ ಮೊದಲೇ ತೋರಿಸಿ, ಪುಸ್ತಕದ ಪುಟದಲ್ಲೇ. ಜನ ಓಡಿಹೋಗುವುದು ಬೆಲೆ ನೋಡಿ ಅಲ್ಲ, ಕೊನೆಯಲ್ಲಿ ಬೆಲೆ ಏರಿದ್ದು ನೋಡಿ. ಬೇಮಾರ್ಡ್ ಇನ್‌ಸ್ಟಿಟ್ಯೂಟ್ ಅಂತ ಒಂದು ಸಂಸ್ಥೆ ಚೆಕ್‌ಔಟ್ (ವಿಳಾಸ ತುಂಬಿ ದುಡ್ಡು ಕಟ್ಟುವ ಹಂತ) ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದೆ. ಬುಟ್ಟಿಗೆ ಹಾಕಿದವರಲ್ಲಿ ನೂರಕ್ಕೆ ಸುಮಾರು 70 ಜನ ಕೊಳ್ಳದೆ ಹೋಗುತ್ತಾರೆ ಅನ್ನುವುದು ಅವರ ಲೆಕ್ಕ. ಅದರಲ್ಲಿ ಸುಮ್ನೆ ನೋಡಲು ಬಂದವರೂ ಇದ್ದಾರೆ, ಅವರನ್ನು ಬಿಡಿ. ಉಳಿದವರು ಹೇಳುವ ಕಾರಣಗಳಲ್ಲಿ ಮೊದಲನೆಯದು ಸಾಗಾಟ, ತೆರಿಗೆ ಅಂತ ಕೊನೆಯಲ್ಲಿ ಸೇರುವ ದುಡ್ಡು. ಖಾತೆ ತೆರೆಯಲೇಬೇಕು ಅನ್ನುವ ಒತ್ತಾಯವೂ ಆ ಪಟ್ಟಿಯಲ್ಲಿದೆ. ಹಾಗಾಗಿ ಖಾತೆ ಇಲ್ಲದೆ ಕೊಳ್ಳುವ ಸೌಲಭ್ಯವನ್ನು ಕಡ್ಡಾಯವಾಗಿ ಆನ್ ಮಾಡಿ. ನೋಟ್‌ಬುಕ್ ಕೊಳ್ಳಲು ಬಂದವರಿಗೆ ಪಾಸ್‌ವರ್ಡ್ ಯೋಚಿಸುವ ಶಿಕ್ಷೆ ಯಾಕೆ.

ನನ್ನ ಮಟ್ಟಿಗೆ ಒಂದು ಪುಸ್ತಕಕ್ಕೆ ಸಾಗಾಟ ಬೇರೆ, ಮೂರು ಕೊಂಡರೆ ಸಾಗಾಟ ಇಲ್ಲ. ನಿಮ್ಮ ದೊಡ್ಡ ಪೆಟ್ಟಿಗೆಗೆ ಮೂರು ಹಿಡಿಯುತ್ತದೆ ಅಂದೆನಲ್ಲ, ಅದಕ್ಕೇ ಆ ಮೂರು. ಒಂದು ಪುಸ್ತಕದ ಪೆಟ್ಟಿಗೆಗೂ ಮೂರು ಪುಸ್ತಕದ ಪೆಟ್ಟಿಗೆಗೂ ಕೊರಿಯರ್ ದರದಲ್ಲಿ ಎಷ್ಟು ವ್ಯತ್ಯಾಸ ಅಂತ ನೋಡಿ, ನಿಮಗೇ ಗೊತ್ತಾಗುತ್ತದೆ.

ಬೈಟ್_ಲೆಕ್ಕ

40 ಪುಟ ಬೇಡ. ಆದರೆ ಒಂದೇ ಪುಟಕ್ಕೆ ಮೂರು ಆಯ್ಕೆ ಇಟ್ಟು 40 ವೇರಿಯಂಟ್ (ಒಂದೇ ಸರಕಿನ ಬೇರೆ ಬೇರೆ ಬಗೆ) ತುಂಬಿಸುವುದೂ ಬೇಡ, ಫೋನಿನಲ್ಲಿ ಆರಿಸುವಾಗ ಕಷ್ಟ. ಬಣ್ಣ ನೋಡಿಯೇ ಜನ ಕೊಳ್ಳುವುದಾದರೆ ಬಣ್ಣಕ್ಕೊಂದು ಪುಟ, ಹತ್ತು ಪುಟ, ಒಳಗೆ ಅಳತೆ ಮತ್ತು ಹಾಳೆ ಮಾತ್ರ ಆಯ್ಕೆ. ಹತ್ತು ಫೋಟೋ ಸಾಲಾಗಿ ಕಂಡಾಗಲೇ ಅದು ಅಂಗಡಿ ಅನ್ನಿಸುವುದು.

ಪ್ರತಿ ವೇರಿಯಂಟ್‌ಗೂ ಒಂದು ಎಸ್‌ಕೆಯು ಕೋಡ್ (ಆ ಬಗೆಯನ್ನು ಗುರುತಿಸುವ ಚಿಕ್ಕ ಹೆಸರು) ಕೊಡಿ, ಅದನ್ನೇ ಬೀರುವಿನ ಅರೆಗೂ ಅಂಟಿಸಿ. ಕೋಡನ್ನು ಸೊನ್ನೆಯಿಂದ ಶುರು ಮಾಡಬೇಡಿ. 0012 ಅಂತ ಇಟ್ಟರೆ ಎಕ್ಸೆಲ್‌ನಲ್ಲಿ ಸರಕಿನ ಪಟ್ಟಿಯ ಫೈಲ್ ತೆರೆದು ಉಳಿಸಿದಾಗ 12 ಆಗಿಬಿಡುತ್ತದೆ, ಮತ್ತೆ ಅಪ್‌ಲೋಡ್ ಮಾಡಿದರೆ ಸೈಟಿಗೆ ಅದು ಹೊಸ ಸರಕು ಅನ್ನಿಸಬಹುದು. ನೀಲಿ ದೊಡ್ಡದು ಗೆರೆ ಇರುವುದು ಅಂದರೆ ನೀ-ದೊ-ಗೆ ಅನ್ನುವ ಥರ ಇಟ್ಟರೆ ಪ್ಯಾಕ್ ಮಾಡುವವರಿಗೂ ಓದಲು ಬರುತ್ತದೆ. ನಾನಾದರೆ ಕೋಡ್ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಇಡುತ್ತೇನೆ, ಕಾರಣ ಕೆಳಗಿದೆ.

ನೀವು ಸೈಟನ್ನು ಕನ್ನಡದಲ್ಲೇ ಮಾಡುವ ಯೋಚನೆಯಲ್ಲಿದ್ದರೆ (ಮಾಡಿ, ಚೆನ್ನಾಗಿರುತ್ತದೆ) ಮೂರು ಕಡೆ ಎಡವುತ್ತೀರಿ. ಒಂದು, ಪುಟದ ವಿಳಾಸ. ಕನ್ನಡದ ಒಂದೊಂದು ಯೂನಿಕೋಡ್ ಅಕ್ಷರವೂ ಯುಟಿಎಫ್-8ರಲ್ಲಿ (ಕಂಪ್ಯೂಟರ್ ಅಕ್ಷರ ಉಳಿಸುವ ಒಂದು ಕ್ರಮ) 3 ಬೈಟ್. ವಿಳಾಸದಲ್ಲಿ ಒಂದೊಂದು ಬೈಟ್ ಮೂರು ಚಿಹ್ನೆ ಆಗುತ್ತದೆ, ಅಂದರೆ ಒಂದಕ್ಕೆ 9. ಗುಣಿತದ ಚಿಹ್ನೆಯೂ ಬೇರೆ ಅಕ್ಷರವೇ, ಹಾಗಾಗಿ "ಡೈರಿ" ಅನ್ನುವ ಪುಟ್ಟ ಪದ ನಕಲು ಮಾಡಿ ಅಂಟಿಸಿದರೆ 36 ಚಿಹ್ನೆಯ ಬಾಲ. ವರ್ಡ್‌ಪ್ರೆಸ್ಸಿನಲ್ಲಿ ಈ ಭಾಗಕ್ಕೆ ಜಾಗ ಇರುವುದೇ 200, ಅಂದರೆ 22 ಅಕ್ಷರಕ್ಕೆ ಕತ್ತರಿ. ಒಂದೇ ಥರ ಶುರುವಾಗುವ ಎರಡು ಉದ್ದ ಹೆಸರಿದ್ದರೆ ವಿಳಾಸ ಹೆಚ್ಚುಕಡಿಮೆ ಒಂದೇ ಆಗಿ ಕೊನೆಗೆ ಒಂದು 2 ಸೇರಿಕೊಳ್ಳುತ್ತದೆ. ಹೆಸರು ಕನ್ನಡದಲ್ಲಿರಲಿ, ವಿಳಾಸದ ಬಾಲವನ್ನು ಮಾತ್ರ ಕೈಯಾರೆ ಇಂಗ್ಲಿಷಿನಲ್ಲಿ ಬರೆಯಿರಿ.

ಎರಡು, ಎಕ್ಸೆಲ್. ಸರಕಿನ ಪಟ್ಟಿ ಉಳಿಸುವಾಗ ಸಿಎಸ್‌ವಿ ಯುಟಿಎಫ್-8 ಅಂತಲೇ ಆರಿಸಬೇಕು, ಬರೀ ಸಿಎಸ್‌ವಿ ಆರಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ. ಮೂರು, ಎಸ್‌ಎಂಎಸ್. ಇಂಗ್ಲಿಷ್ ಸಂದೇಶಕ್ಕೆ 160 ಅಕ್ಷರ, ಒಂದು ಕನ್ನಡ ಅಕ್ಷರ ಸೇರಿದರೂ ಇಡೀ ಸಂದೇಶಕ್ಕೆ 70. "ನಿಮ್ಮ ಪಾರ್ಸೆಲ್ ಹೊರಟಿದೆ" ಜೊತೆಗೆ ಉದ್ದದ ಟ್ರ್ಯಾಕಿಂಗ್ ಲಿಂಕ್ ಸೇರಿಸಿದರೆ ಎರಡು ಸಂದೇಶದ ದುಡ್ಡು ಕೀಳುತ್ತಾರೆ.

ತಡವಾಗಿ_ಕಲಿತವನು

ಎಲ್ಲರೂ ಒಳಗಿನ ವಿಷಯ ಹೇಳಿದಿರಿ, ನಾನು ಬಾಗಿಲಿನ ವಿಷಯ ಹೇಳುತ್ತೇನೆ. ಡೊಮೇನ್.

ನನ್ನ ಸೈಟನ್ನು ಒಬ್ಬರು ಮಾಡಿಕೊಟ್ಟಿದ್ದರು. ಡೊಮೇನನ್ನೂ ಅವರೇ ತೆಗೆದುಕೊಟ್ಟರು, ನನಗೆ ಎಷ್ಟು ಖುಷಿ, ಒಂದು ಕೆಲಸ ತಪ್ಪಿತು ಅಂತ. ಅವರ ಹೆಸರಿನಲ್ಲಿ, ಅವರ ಈಮೇಲ್‌ನಲ್ಲಿ, ಅವರ ಖಾತೆಯಲ್ಲಿ. ಮೂರು ವರ್ಷ ಚೆನ್ನಾಗಿತ್ತು. ಆಮೇಲೆ ಅವರು ಆ ಕೆಲಸ ಬಿಟ್ಟರು, ಫೋನ್ ನಂಬರ್ ಬದಲಾಯಿತು. ನವೀಕರಣದ ಈಮೇಲ್ ಹೋಗಿದ್ದು ಅವರಿಗೆ, ಯಾರೂ ನೋಡಲಿಲ್ಲ. ಒಂದು ದಿನ ಬೆಳಗ್ಗೆ ಸೈಟ್ ತೆರೆದರೆ ಏನೇನೋ ಜಾಹೀರಾತು. ಅವಧಿ ಮುಗಿದರೂ ಸ್ವಲ್ಪ ದಿನ ಹಳೇ ಮಾಲೀಕರಿಗೇ ಬಿಡಿಸಿಕೊಳ್ಳುವ ಅವಕಾಶ ಇರುತ್ತದೆ. ಆದರೆ ದಾಖಲೆ ಪ್ರಕಾರ ಮಾಲೀಕ ನಾನಲ್ಲವಲ್ಲ! ಅವರನ್ನು ಹುಡುಕಿ ಹಿಡಿಯುವಷ್ಟರಲ್ಲಿ ಆ ಗಡುವೂ ಹೋಯಿತು, ಬೇರೆ ಯಾರೋ ಕೊಂಡಿದ್ದರು. ಚೀಲದ ಮೇಲೆ, ಬಿಲ್ ಮೇಲೆ, ಅಂಗಡಿ ಬೋರ್ಡಿನ ಮೇಲೆ ಅಚ್ಚು ಹಾಕಿಸಿದ್ದ ವಿಳಾಸ. ಆ ಚೀಲ ಇನ್ನೂ ಮನೆಯಲ್ಲಿ ಇವೆ, ಕಸ ಹಾಕುತ್ತೇವೆ.

ಅವರು ಕೆಟ್ಟವರಲ್ಲ, ಮೋಸ ಮಾಡಲಿಲ್ಲ. ಅದೇ ಬೇಜಾರು, ಬೈಯುವುದಕ್ಕೂ ಯಾರೂ ಇಲ್ಲ.

ಸೈಟ್ ಯಾರೇ ಮಾಡಲಿ, ಡೊಮೇನ್ ನಿಮ್ಮ ಹೆಸರಲ್ಲಿ, ನಿಮ್ಮ ಈಮೇಲ್‌ನಲ್ಲಿ, ನಿಮ್ಮ ಕೈಯಾರೆ ಕೊಳ್ಳಿ. ಆ ಈಮೇಲ್ ಕೂಡ ಅದೇ ಡೊಮೇನಿನದ್ದು ಆಗಿರಬಾರದು, ಡೊಮೇನ್ ಹೋದರೆ ಈಮೇಲೂ ಹೋಗುತ್ತದೆ, ಎಚ್ಚರಿಕೆ ಬರುವುದು ಎಲ್ಲಿಗೆ? ಡಾಟ್ ಕಾಂ ಹೆಸರನ್ನು ಒಟ್ಟಿಗೆ 10 ವರ್ಷದವರೆಗೂ ತೆಗೆದುಕೊಳ್ಳಬಹುದು. ಪೇಮೆಂಟ್ ಗೇಟ್‌ವೇ ಖಾತೆಗೂ ಇದೇ ಮಾತು.

ಪ್ಲಗಿನ್_ಪ್ರೇಮಿ

ಗೇಟ್‌ವೇ ಮಾತು ಬಂದಿದ್ದಕ್ಕೆ ಹೇಳಿಬಿಡುತ್ತೇನೆ. ಕಾರ್ಡ್ ನಂಬರ್ ತುಂಬುವ ಪುಟ ಗೇಟ್‌ವೇಯವರದ್ದೇ ಆಗಿರಲಿ, ನಿಮ್ಮ ಸೈಟಿನದ್ದು ಬೇಡ. ಕಾರ್ಡ್ ಮಾಹಿತಿ ಮುಟ್ಟುವ ಎಲ್ಲರಿಗೂ ಪಿಸಿಐ ಡಿಎಸ್‌ಎಸ್ ಅಂತ ನಿಯಮಗಳ ಕಟ್ಟು ಇದೆ, 2004ರಿಂದ. ಕೊಳ್ಳುವವರನ್ನು ಗೇಟ್‌ವೇ ಪುಟಕ್ಕೆ ಕಳಿಸಿದರೆ ಅದರ ಹೊರೆ ಬಹುಪಾಲು ನಿಮ್ಮ ತಲೆಯಿಂದ ಇಳಿಯುತ್ತದೆ. ಯಾರಾದರೂ ಫೋನಿನಲ್ಲಿ ಕಾರ್ಡ್ ನಂಬರ್ ಹೇಳುತ್ತೇನೆ ಬರೆದುಕೊಳ್ಳಿ ಅಂದರೆ, ದಯವಿಟ್ಟು ಬೇಡ ಅನ್ನಿ.

ಈಗ ನಾನು ನಿಜವಾಗಿ ಎರಡು ರಾತ್ರಿ ನಿದ್ದೆಗೆಟ್ಟ ವಿಷಯ. ದುಡ್ಡು ಕಟ್ಟಿದ ಮೇಲೆ ಕೊಳ್ಳುವವರು ವಾಪಸ್ ನಿಮ್ಮ "ಧನ್ಯವಾದ" ಪುಟಕ್ಕೆ ಬರುತ್ತಾರೆ, ಅದರಿಂದಲೇ ಆರ್ಡರ್ ಪಕ್ಕಾ ಆಗುತ್ತದೆ ಅಂದುಕೊಂಡಿದ್ದೆ. ಎಷ್ಟೋ ಜನ ವಾಪಸ್ ಬರುವುದೇ ಇಲ್ಲ. ದುಡ್ಡು ಹೋಯಿತು ಅಂತ ಬ್ಯಾಂಕಿನ ಸಂದೇಶ ಬಂದ ಕೂಡಲೇ ಫೋನ್ ಜೇಬಿಗೆ. ಅದಕ್ಕೇ ಗೇಟ್‌ವೇಯ ಸರ್ವರ್ ಹಿಂದಿನ ಬಾಗಿಲಿನಿಂದ ನಿಮ್ಮ ಸರ್ವರ್‌ಗೆ "ದುಡ್ಡು ಬಂತು" ಅಂತ ತಿಳಿಸುತ್ತದೆ, ವೆಬ್‌ಹುಕ್ ಅಂತಾರೆ. ನನ್ನ ಸೈಟಿನಲ್ಲಿ ಹಾಕಿದ್ದ ಒಂದು ಸೆಕ್ಯುರಿಟಿ ಪ್ಲಗಿನ್ ಆ ಸಂದೇಶವನ್ನೇ ಕಳ್ಳ ಅಂದುಕೊಂಡು ತಡೆಯುತ್ತಿತ್ತು. ಬ್ಯಾಂಕಿನಲ್ಲಿ ದುಡ್ಡಿದೆ, ಸೈಟಿನಲ್ಲಿ ಆರ್ಡರ್ "ಪೆಂಡಿಂಗ್". ಮೇಲೆ ಹೇಳಿದ 60 ನಿಮಿಷ ನೆನಪಿದೆಯಾ? ಗಂಟೆ ಆದ ಕೂಡಲೇ ದುಡ್ಡು ಕಟ್ಟಿದವರ ಆರ್ಡರನ್ನೇ ರದ್ದು ಮಾಡಿ ಅವರಿಗೆ ತಿಳಿಯುವ ಹಾಗೆ ಮಾಡುತ್ತಿತ್ತು ನನ್ನ ಸೈಟು. ಅವರ ಸಿಟ್ಟು ನಿಮಗೆ ಊಹಿಸಲು ಬಿಟ್ಟೆ.

ಹಾಗಾಗಿ ಪರೀಕ್ಷೆ ಮಾಡುವಾಗ ದುಡ್ಡು ಕಟ್ಟಿ, ವಾಪಸ್ ಬರುವ ಮೊದಲೇ ಬ್ರೌಸರ್ ಮುಚ್ಚಿಬಿಡಿ. ಆಮೇಲೂ ಆರ್ಡರ್ ಪಕ್ಕಾ ಆಗಿದ್ದರೆ ನಿಮ್ಮ ಸೈಟ್ ಸರಿ ಇದೆ. ಪೂರ್ತಿ ಹೋಗಿ ವಾಪಸ್ ಬಂದು "ಆಯ್ತು, ಕೆಲಸ ಮಾಡುತ್ತಿದೆ" ಅನ್ನುವ ಪರೀಕ್ಷೆ ಲೆಕ್ಕಕ್ಕಿಲ್ಲ.

ಬೈಟ್_ಲೆಕ್ಕ

ಅದರ ಜೊತೆ ಈಮೇಲೂ. ಸೈಟ್ ಕಳಿಸುವ ಆರ್ಡರ್ ಈಮೇಲ್ ಜನರ ಸ್ಪ್ಯಾಮ್‌ಗೆ ಬೀಳುತ್ತಿದ್ದರೆ ಡೊಮೇನಿಗೆ ಎಸ್‌ಪಿಎಫ್, ಡಿಕೆಐಎಂ ದಾಖಲೆ (ಈಮೇಲ್ ನಿಜವಾಗಿ ನಿಮ್ಮದೇ ಅಂತ ತೋರಿಸುವುದು) ಇಲ್ಲದಿರುವುದು ಒಂದು ಸಾಮಾನ್ಯ ಕಾರಣ. 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಇನ್ನೂ ಬಿಗಿ ಮಾಡಿವೆ. ಬಾಡಿಗೆ ಮನೆಯವರು ಹೇಳಿದ ಥರದ್ದಾದರೆ ಅವರ ಸಹಾಯ ಪುಟದಲ್ಲಿ ಹೇಗೆ ಅಂತ ಇರುತ್ತದೆ. ಮೂರ್ನಾಲ್ಕು ಸಾಲು ಡೊಮೇನ್ ಖಾತೆಗೆ ಹೋಗಿ ಅಂಟಿಸುವುದು. ಆ ಖಾತೆ ನಿಮ್ಮ ಕೈಯಲ್ಲಿದ್ದರೆ ತಾನೇ ಅಂಟಿಸುವುದು, ಮೇಲಿನವರ ಕತೆ ನೋಡಿ.

ಸುಮ್ನೆ_ಬಂದೆ

ಫೋಟೋ ಬಗ್ಗೆ ಯಾರೂ ಹೇಳಲಿಲ್ಲ. ಕಿಟಕಿ ಪಕ್ಕ, ನೇರ ಬಿಸಿಲು ಬೀಳದ ಕಡೆ, ಮನೆಯ ಲೈಟ್ ಆರಿಸಿ ತೆಗೆಯಿರಿ. ಲೈಟ್ ಉರಿಯುತ್ತಿದ್ದರೆ ಬಟ್ಟೆಯ ನೀಲಿ ಒಂದು ಕಡೆ ಹಸಿರು, ಒಂದು ಕಡೆ ಹಳದಿ. ಹತ್ತೂ ಬಣ್ಣ ಒಂದೇ ದಿನ, ಒಂದೇ ಜಾಗ, ಒಂದೇ ಹೊತ್ತು. ಎಲ್ಲ ಚೌಕ. ಒಂದು ಫೋಟೋದಲ್ಲಿ ಕೈ ಇರಲಿ, ಪುಸ್ತಕ ಎಷ್ಟು ದೊಡ್ಡದು ಅಂತ ಸೆಂಟಿಮೀಟರ್ ಓದಿ ಯಾರಿಗೂ ತಿಳಿಯುವುದಿಲ್ಲ. ಇನ್ನೊಂದರಲ್ಲಿ ಹೊಲಿಗೆ, ಹತ್ತಿರದಿಂದ. ನೀವು ಮಾರುತ್ತಿರುವುದು ಅದನ್ನೇ ಅಲ್ವಾ.

ರಟ್ಟು_ದಾರ

ಮೂರು ವಾರ ಆಯಿತು, ಏನಾಯಿತು ಅಂತ ಹೇಳದೆ ಹೋದರೆ ತಪ್ಪಾಗುತ್ತದೆ.

ಬಾಡಿಗೆ ಮನೆಯೇ ಆರಿಸಿದೆವು, ಸದ್ಯಕ್ಕೆ. ಪ್ರೇಮಿಯವರು ಬೇಜಾರು ಮಾಡಿಕೊಳ್ಳಬೇಡಿ, ಆ ಕ್ರಾನ್ ಓದಿ ಅಕ್ಕ ಹೆದರಿದಳು. ಡೊಮೇನ್ ನನ್ನ ಹೆಸರಲ್ಲಿ, 5 ವರ್ಷಕ್ಕೆ. ಹತ್ತು ಪುಟ, ಕೋಡು ಬೀರುವಿಗೆ ಅಂಟಿಸಿದ್ದು, ವಿಳಾಸದ ಬಾಲ ಇಂಗ್ಲಿಷಿನಲ್ಲಿ. ಮೂರು ಪುಸ್ತಕಕ್ಕೆ ಸಾಗಾಟ ಇಲ್ಲ.

ಪೆಟ್ಟಿಗೆ ಮಾಡಿಸಲು ಹೋಗಿದ್ದೆವು, ಕೊನೆಗೆ ಮಾಡಿಸಲೇ ಇಲ್ಲ. ರಟ್ಟು ಕತ್ತರಿಸುವುದು ನಮ್ಮ ಕೆಲಸವೇ ಅಲ್ವಾ, ನಾವೇ ಮಾಡಿಕೊಂಡೆವು. ಇಷ್ಟು ದಿನ ಹೊಳೆದಿರಲಿಲ್ಲ ನೋಡಿ. ಟೇಪು, ಚೀಟಿ ಎಲ್ಲ ಸೇರಿಸಿ ತೂಗಿದರೆ ಒಂದರ ಪೆಟ್ಟಿಗೆ ನಾನು ಅಂದಾಜು ಮಾಡಿದ್ದಕ್ಕಿಂತ 140 ಗ್ರಾಂ ಜಾಸ್ತಿ ಬಂತು.

ಪರೀಕ್ಷೆಗೆ ಅಕ್ಕನ ಫೋನಿನಿಂದಲೇ ಒಂದು ಕೊಳ್ಳಲು ಹೇಳಿದೆ, ದುಡ್ಡು ಕಟ್ಟಿದ ಕೂಡಲೇ ಬ್ರೌಸರ್ ಮುಚ್ಚು ಅಂತ. ಆರ್ಡರ್ ಬಂತು, ಈಮೇಲ್ ಸ್ಪ್ಯಾಮ್‌ಗೆ ಹೋಗಲಿಲ್ಲ. ಆದರೆ ಅವಳು ಕೊಂಡಿದ್ದು ಗೆರೆ ಇರುವ ಹಾಳೆಯದು, ಬೇಕಾಗಿದ್ದದ್ದು ಗೆರೆ ಇಲ್ಲದ್ದು. "ಎಲ್ಲಿತ್ತು ಆ ಆಯ್ಕೆ, ನನಗೆ ಕಾಣಲೇ ಇಲ್ಲ" ಅಂದಳು. ಆ ಪುಸ್ತಕವನ್ನು ಹೊಲಿದವಳೇ ಅವಳು! ಫೋನಿನಲ್ಲಿ ಅದು ಪುಟ್ಟ ಡ್ರಾಪ್‌ಡೌನ್ ಒಳಗೆ ಅಡಗಿದೆ. ಅದನ್ನು ಎರಡು ಬಟನ್ ಥರ ಎದುರಿಗೇ ಕಾಣುವ ಹಾಗೆ ಮಾಡುವುದು ಹೇಗೆ?

ಬಾಡಿಗೆ_ಮನೆ_ಸಾಕು

ಸೈಟಿನ ಅಂದಚೆಂದ ಬದಲಿಸುವ ಥೀಮ್ ಎಡಿಟರ್ ತೆರೆಯಿರಿ, ಸರಕಿನ ಪುಟಕ್ಕೆ ಹೋಗಿ, ವೇರಿಯಂಟ್ ಆರಿಸುವ ಭಾಗದ ಮೇಲೆ ಒತ್ತಿ. ಡ್ರಾಪ್‌ಡೌನ್ ಬದಲು ಬಟನ್ ಮಾಡುವ ಆಯ್ಕೆ ತುಂಬಾ ಥೀಮ್‌ಗಳಲ್ಲಿ ಅಲ್ಲೇ ಇರುತ್ತದೆ. ನಿಮ್ಮ ಥೀಮಿನಲ್ಲಿ ಕಾಣದಿದ್ದರೆ ಥೀಮ್ ಹೆಸರು ಹೇಳಿ, ನೋಡೋಣ. ಆಮೇಲೆ ಮತ್ತೆ ಅಕ್ಕನ ಕೈಗೇ ಫೋನ್ ಕೊಡಿ, ನೀವು ಪಕ್ಕದಲ್ಲಿ ನಿಂತು ತೋರಿಸಬೇಡಿ.